ಪದ ಪರಿಚಯ: ಲಿಕ್ವಿಡಿಟಿ

2024ರ ಏಪ್ರಿಲ್ 13, ಶನಿವಾರ. ಇಸ್ರೇಲ್ ಮೇಲೆ ಇರಾನ್ ಡ್ರೋನ್ ಬಿಟ್ಟ ಸುದ್ದಿ ಬಂತು. 67 ಸಾವಿರ ಡಾಲರ್ ಆಸುಪಾಸಿನಲ್ಲಿದ್ದ ಬಿಟ್‌ಕಾಯಿನ್ ನೋಡನೋಡುತ್ತಲೇ 62 ಸಾವಿರಕ್ಕಿಂತ ಕೆಳಗಿಳಿಯಿತು. ಯಾವ ಸರ್ಕಾರದ ಹಿಡಿತಕ್ಕೂ ಸಿಗದ 'ಡಿಜಿಟಲ್ ಚಿನ್ನ' ಯುದ್ಧದ ಹೊತ್ತಲ್ಲಿ ಏರಬೇಕಿತ್ತು, ಅಲ್ವಾ? ಯಾಕೆ ಬಿತ್ತು, ಸರ್ಕಾರದ ಖರ್ಚಿಗೂ ಇದರ ಬೆಲೆಗೂ ಏನು ನಂಟು ಅಂತ ತಿಳಿಯಲು ಲಿಕ್ವಿಡಿಟಿ ಎಂಬ ಪದ ಗೊತ್ತಿರಬೇಕು.

ಈ ಪದಕ್ಕೆ ಎರಡು ಅರ್ಥ. ಎರಡನ್ನೂ ಬೆರೆಸಿ ಮಾತಾಡುವುದರಿಂದಲೇ ಗೊಂದಲ.

ಮೊದಲನೆಯದು, ನಿಮ್ಮ ಆಸ್ತಿ ಎಷ್ಟು ಬೇಗ, ಎಷ್ಟು ಕಡಿಮೆ ನಷ್ಟಕ್ಕೆ ದುಡ್ಡಾಗುತ್ತದೆ ಎನ್ನುವುದು. ತುರ್ತಿಗೆ ದುಡ್ಡು ಬೇಕಾದರೆ ಸೈಟು ಮಾರಲು ತಿಂಗಳುಗಟ್ಟಲೆ ಬೇಕು, ಬಳೆ ಅಡ ಇಡಲು ಬೆಳಗಾಗಬೇಕು. ಬಿಟ್‌ಕಾಯಿನ್ ಪೇಟೆ ಮಾತ್ರ ದಿನದ 24 ಗಂಟೆಯೂ, ಭಾನುವಾರವೂ ತೆರೆದಿರುತ್ತದೆ. ಆ ಶನಿವಾರ ಷೇರುಪೇಟೆಗೆ ರಜೆ. ಹೆದರಿದವರು ಮಾರಲು ಆಗುವುದನ್ನು ಮಾರಿದರು. ಇನ್ನು ಸಾಲದ ಮೇಲೆ ಕೊಂಡವರ ಕಥೆ ಬೇರೆಯೇ. ಬೆಲೆ ಒಂದು ಮಟ್ಟಕ್ಕಿಂತ ಇಳಿದ ಕೂಡಲೇ ಅವರ ಕಾಯಿನ್‌ಗಳನ್ನು ಸಾಲ ವಸೂಲಿಗೆ ಎಕ್ಸ್‌ಚೇಂಜೇ (ವಹಿವಾಟು ನಡೆಸುವ ಕಂಪನಿ) ಮಾರಿಬಿಡುತ್ತದೆ, ಅದರಿಂದ ಬೆಲೆ ಇನ್ನಷ್ಟು ಕುಸಿಯುತ್ತದೆ, ಆಗ ಮುಂದಿನವರ ಸರದಿ. ಸುಲಭವಾಗಿ ಮಾರಬಹುದು ಎಂಬ ಗುಣವೇ ಅಂಥ ರಾತ್ರಿ ಮುಳುವಾಗುತ್ತದೆ.

ಎರಡನೆಯದು, ಇಡೀ ವ್ಯವಸ್ಥೆಯಲ್ಲಿ ಓಡಾಡುತ್ತಿರುವ ದುಡ್ಡು. ಸರ್ಕಾರದ ಖರ್ಚಿನ ಮಾತು ಬರುವುದು ಇಲ್ಲಿ. 2020ರ ಮಾರ್ಚ್ 12ರಂದು ಕೋವಿಡ್ ಭಯಕ್ಕೆ ಬಿಟ್‌ಕಾಯಿನ್ ಒಂದೇ ದಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಳೆದುಕೊಂಡಿತ್ತು. ಆ ದಿನಗಳಲ್ಲಿ ಚಿನ್ನವೂ ಇಳಿದಿತ್ತು, ಎಲ್ಲರಿಗೂ ಬೇಕಿದ್ದದ್ದು ಡಾಲರ್. ಅದೇ ತಿಂಗಳು ಅಮೆರಿಕ ಸುಮಾರು 2.2 ಲಕ್ಷ ಕೋಟಿ ಡಾಲರ್ ಪರಿಹಾರ ಘೋಷಿಸಿ, ಬಹುಪಾಲು ಜನರಿಗೆ ತಲಾ 1,200 ಡಾಲರ್‌ವರೆಗೆ ಕೊಟ್ಟಿತು. ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ (ಫೆಡ್) ಬಡ್ಡಿಯನ್ನು ಸೊನ್ನೆಯ ಹತ್ತಿರ ಇಳಿಸಿ ಬಾಂಡ್, ಅಂದರೆ ಸಾಲಪತ್ರ, ಕೊಂಡಿತು. ಬಡ್ಡಿ ಹುಟ್ಟದ ದುಡ್ಡು ಲಾಭ ಹುಡುಕಿ ಹೊರಟಿತು. 2021ರ ನವೆಂಬರ್‌ನಲ್ಲಿ ಬಿಟ್‌ಕಾಯಿನ್ 69 ಸಾವಿರ ಡಾಲರ್ ಹತ್ತಿರ ಬಂದಿತ್ತು.

ಹಾಗಂತ ಸರ್ಕಾರ ಖರ್ಚು ಮಾಡಿದರೆ ಕ್ರಿಪ್ಟೋ (ಬಿಟ್‌ಕಾಯಿನ್‌ನಂಥ ಡಿಜಿಟಲ್ ಕಾಯಿನ್‌ಗಳು) ಏರುತ್ತದೆ ಅಂತ ಯಾರಾದರೂ ಸುಮ್ನೆ ಹೇಳಿದರೆ ದಯವಿಟ್ಟು ನಂಬಬೇಡಿ. ಆ ದುಡ್ಡು ಎಲ್ಲಿಂದ ಬಂತು ಅಂತ ಕೇಳಿ. ಜನರಿಂದ ಸಾಲ ಎತ್ತಿ ಖರ್ಚು ಮಾಡಿದರೆ ದುಡ್ಡು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುತ್ತದೆ. ಕೇಂದ್ರ ಬ್ಯಾಂಕ್ ಹೊಸ ದುಡ್ಡು ಹುಟ್ಟಿಸಿ ಬಾಂಡ್ ಕೊಂಡಾಗ ಹರಿವು ಹೆಚ್ಚುತ್ತದೆ.

ಹಾಗೆ ಹರಿದ ದುಡ್ಡಿನ ಬಿಸಿ 2022ರಲ್ಲಿ ತಟ್ಟಿತು. ಮೊದಲೇ ಏರುತ್ತಿದ್ದ ಬೆಲೆಗಳಿಗೆ ಉಕ್ರೇನ್ ಯುದ್ಧ ಸೇರಿ ಎಣ್ಣೆ, ಗೋಧಿ ತುಟ್ಟಿಯಾದವು. ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇ 9.1. ಅದನ್ನು ತಗ್ಗಿಸಲು ಫೆಡ್ ಬಡ್ಡಿ ಏರಿಸುತ್ತಾ ಹೋಯಿತು. ಅಪಾಯವಿಲ್ಲದೆ ಬಡ್ಡಿ ಸಿಗುವಾಗ ಕ್ರಿಪ್ಟೋ ಯಾರಿಗೆ ಬೇಕು? ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ದೊಡ್ಡ ಕ್ರಿಪ್ಟೋ ಎಕ್ಸ್‌ಚೇಂಜ್‌ನ ದಿವಾಳಿಯೂ ಸೇರಿಕೊಂಡು ಬಿಟ್‌ಕಾಯಿನ್ 16 ಸಾವಿರದ ಆಸುಪಾಸಿಗೆ ಇಳಿಯಿತು. ಅಂದರೆ ಯುದ್ಧ ಎರಡು ಸಲ ಹೊಡೆಯುತ್ತದೆ. ಮೊದಲು ಭಯದಿಂದ, ತಿಂಗಳುಗಳ ನಂತರ ಬಡ್ಡಿಯಿಂದ. ಎರಡನೆಯ ಹೊಡೆತವನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ.

ನಮ್ಮಲ್ಲೂ ಲಿಕ್ವಿಡಿಟಿಗೆ ಪೆಟ್ಟು ಬಿದ್ದದ್ದು ಅದೇ ವರ್ಷ, ಆದರೆ ತೆರಿಗೆಯಿಂದ. ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ ಬಂತು. ಜುಲೈನಿಂದ ಮಾರಾಟದ ಮೊತ್ತದ ಮೇಲೆ ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಸೇರಿತು. ಭಾರತದ ಎಕ್ಸ್‌ಚೇಂಜ್‌ಗಳಲ್ಲಿ ವಹಿವಾಟು ಕುಸಿಯಿತು, ಎಷ್ಟೋ ಜನ ವಿದೇಶಿ ಆ್ಯಪ್‌ಗಳಿಗೆ ಹೋದರು. ಕೊಳ್ಳುವವರು ಕಡಿಮೆ ಇರುವ ಕಡೆ ಚಿಕ್ಕಪುಟ್ಟ ಕಾಯಿನ್ ಮಾರಲು ಹೋದರೆ ಪರದೆ ಮೇಲೆ ಕಾಣುವ ಬೆಲೆ ನಿಮ್ಮ ಕೈಗೆ ಬರುವುದಿಲ್ಲ.