ಸೌರ ಗೋಪುರದ ತುದಿಯಿಂದ ರಾಕೆಟ್ ಹಾರಿಸಬಹುದೇ?

ಓದುಗರ ಪ್ರಶ್ನೆ: ಬಿಸಿಗಾಳಿಯಿಂದ ವಿದ್ಯುತ್ ಮಾಡುವ, ಒಂದು ಕಿಲೋಮೀಟರ್ ಎತ್ತರದ ಸೌರ ಗೋಪುರಗಳ ಬಗ್ಗೆ ಓದಿದೆ. ಅಷ್ಟೆತ್ತರ ಕಟ್ಟುವುದೇ ಆದರೆ ಅದರ ತುದಿಯಿಂದ, ಇಲ್ಲವೇ ಅದರೊಳಗೆ ನುಗ್ಗುವ ಗಾಳಿಯ ರಭಸದಿಂದಲೇ ರಾಕೆಟ್ ಹಾರಿಸಬಹುದಲ್ಲವೇ? ಇಂಧನ ಎಷ್ಟೋ ಉಳಿಯುವುದಿಲ್ಲವೇ?

ಉತ್ತರ: ಎತ್ತರದಿಂದ ಸಿಗುವ ಲಾಭ ತೀರಾ ಕಡಿಮೆ. ಗಾಳಿಯಿಂದ ಸಿಗುವುದು ಇಲ್ಲವೆಂದೇ ಹೇಳಬೇಕು. ಆದರೆ ಗೋಪುರ ಕೊಡುವ ವಿದ್ಯುತ್ತು ಇದೆಯಲ್ಲ, ಅದು ರಾಕೆಟ್ಟಿಗೆ ಒದಗುವ ದಾರಿಗಳಿವೆ. ಹಾಗಾಗಿ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಬಾಹ್ಯಾಕಾಶಕ್ಕೆ ಹೋಗುವುದೆಂದರೆ ನಿಜಕ್ಕೂ ಏನು ಎಂಬುದು ಈ ಲೆಕ್ಕ ಹಾಕುವಾಗಲೇ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ.

ಮೊದಲು ಗೋಪುರವನ್ನೇ ನೋಡೋಣ. ವಿಶಾಲವಾದ ಬಯಲಿಗೆ ಗಾಜಿನದೋ ಪ್ಲಾಸ್ಟಿಕ್ ಹಾಳೆಯದೋ ಚಾವಣಿ ಹೊದಿಸುತ್ತಾರೆ. ಬಿಸಿಲಿಗೆ ಅದರ ಕೆಳಗಿನ ನೆಲ ಕಾಯುತ್ತದೆ, ನೆಲದಿಂದ ಗಾಳಿ ಕಾಯುತ್ತದೆ. ಕಾದು ಹಗುರಾದ ಗಾಳಿ ನಡುವಿನ ಎತ್ತರದ ಚಿಮ್ನಿಗೆ ನುಗ್ಗಿ ಮೇಲೇರುವಾಗ ಬುಡದಲ್ಲಿರುವ ಟರ್ಬೈನನ್ನು ತಿರುಗಿಸುತ್ತದೆ. ಸ್ಪೇನಿನ ಸೇನಾಧಿಕಾರಿ ಇಸಿದೋರೊ ಕಬಾನ್ಯೆಸ್ ಇಂಥದೊಂದು ಯೋಜನೆಯನ್ನು 1903ರಲ್ಲೇ ಪ್ರಕಟಿಸಿದ್ದರು. ಅದೇ ವರ್ಷ ರಷ್ಯಾದಲ್ಲಿ ಕಾನ್‌ಸ್ಟಾಂಟಿನ್ ತ್ಸಿಯೊಲ್ಕೊವ್‌ಸ್ಕಿ ತಮ್ಮ ಪ್ರಸಿದ್ಧ ರಾಕೆಟ್ ಸಮೀಕರಣವನ್ನು ಪ್ರಕಟಿಸಿದರು. ನಿಮ್ಮ ಪ್ರಶ್ನೆ ಜೋಡಿಸಲು ಹೊರಟಿರುವ ಎರಡೂ ವಿಚಾರಗಳು ಹೀಗೆ ಒಂದೇ ವರ್ಷದ ಕೂಸುಗಳು.

ಇಂಥ ಗೋಪುರವನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟಿ ನೋಡಿದ್ದು ಜರ್ಮನಿಯ ಎಂಜಿನಿಯರ್ ಯೋರ್ಗ್ ಶ್ಲೈಖ್. ಜರ್ಮನ್ ಸರ್ಕಾರದ ಹಣದಿಂದ, ಮ್ಯಾಡ್ರಿಡ್‌ನ ದಕ್ಷಿಣಕ್ಕಿರುವ ಮಾನ್ಸಾನಾರೆಸ್ ಎಂಬಲ್ಲಿ, 1980ರ ದಶಕದ ಆರಂಭದಲ್ಲಿ. ಚಿಮ್ನಿಯ ಎತ್ತರ 195 ಮೀಟರ್, ಅಡ್ಡಳತೆ 10 ಮೀಟರ್. ತೆಳು ಉಕ್ಕಿನ ತಗಡನ್ನು ಸುತ್ತಿ ಮಾಡಿದ ಕೊಳವೆ ಅದು. ತಗಡಿನ ದಪ್ಪ ಒಂದೂಕಾಲು ಮಿಲಿಮೀಟರ್ ಅಷ್ಟೇ. ಸುತ್ತಲಿನ ಚಾವಣಿ 244 ಮೀಟರ್ ಅಗಲದ ವೃತ್ತ, ಅಂದರೆ ಹನ್ನೊಂದೂವರೆ ಎಕರೆ. ಇಷ್ಟೆಲ್ಲದರಿಂದ ಹೆಚ್ಚೆಂದರೆ 50 ಕಿಲೋವಾಟ್ ಬಂತು. ನಮ್ಮ ಹೊಲಗಳಲ್ಲಿರುವ ಐದು ಹೆಚ್‌ಪಿಯ ಹದಿಮೂರು ಪಂಪ್‌ಸೆಟ್ಟುಗಳಿಗೆ ಸಾಕಾಗುವಷ್ಟು. ಚಾವಣಿಯ ಮೇಲೆ ಬಿದ್ದ ಬಿಸಿಲಿನಲ್ಲಿ ಇದು ಸಾವಿರಕ್ಕೆ ಒಂದು ಪಾಲು. ಚಿಮ್ನಿ ಎತ್ತರವಾದಷ್ಟೂ ಈ ಪಾಲು ಹೆಚ್ಚುತ್ತದೆ. ಎಲ್ಲರೂ ಒಂದು ಕಿಲೋಮೀಟರಿನ ಕನಸು ಕಾಣುವುದು ಅದಕ್ಕೇ, ಆಕಾಶ ಮುಟ್ಟುವ ಆಸೆಗಲ್ಲ. ಕೆಲವೇ ವರ್ಷದ ಪ್ರಯೋಗಕ್ಕೆಂದು ಕಟ್ಟಿದ್ದರಿಂದ ಆಧಾರದ ಉಕ್ಕಿನ ಸರಳುಗಳಿಗೆ ತುಕ್ಕಿನಿಂದ ರಕ್ಷಣೆ ಕೊಟ್ಟಿರಲಿಲ್ಲ. 1989ರ ಒಂದು ಬಿರುಗಾಳಿಗೆ ಗೋಪುರ ಉರುಳಿತು.

ಈಗ ಗಾಳಿಯ ರಭಸಕ್ಕೆ ಬರೋಣ. ಮಾನ್ಸಾನಾರೆಸ್‌ನ ಚಿಮ್ನಿಯಲ್ಲಿ ಟರ್ಬೈನಿನ ಹೊರೆ ಇಲ್ಲದಾಗ ಗಾಳಿ ಸೆಕೆಂಡಿಗೆ ಸುಮಾರು 15 ಮೀಟರ್ ವೇಗದಲ್ಲಿ ಏರುತ್ತಿತ್ತು, ಗಂಟೆಗೆ 54 ಕಿಲೋಮೀಟರ್. ಆ ಗಾಳಿ ಒಂದು ಚದರ ಮೀಟರಿಗೆ ಕೊಡುವ ಒತ್ತು ಸುಮಾರು 14 ಕೆಜಿ ತೂಕದಷ್ಟು. ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನ ಅಡ್ಡಳತೆ 2.8 ಮೀಟರ್. ಅದನ್ನು ಆ ಕೊಳವೆಯೊಳಗೆ ನಿಲ್ಲಿಸಿದರೆ ಗಾಳಿ ನೂರು ಕೆಜಿಯನ್ನೂ ಎತ್ತಲಾರದು. ಪಿಎಸ್‌ಎಲ್‌ವಿಯ ತೂಕವೋ 320 ಟನ್.

ಎತ್ತರದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಮಾಡಬೇಕು. 400 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ಒಂದು ವಸ್ತು ನಿಲ್ಲಬೇಕಾದರೆ ಅದು ಸೆಕೆಂಡಿಗೆ 7.7 ಕಿಲೋಮೀಟರ್ ವೇಗದಲ್ಲಿ ಭೂಮಿಯನ್ನು ಸುತ್ತುತ್ತಿರಬೇಕು. ಆ ವೇಗವಿಲ್ಲದೆ ಬರೀ ಮೇಲಕ್ಕೆ ಹೋದದ್ದು ನೇರವಾಗಿ ಕೆಳಕ್ಕೆ ಬೀಳುತ್ತದೆ. ಒಂದು ಕೆಜಿಯನ್ನು ಅಲ್ಲಿ ಇರಿಸಲು ಬೇಕಾದ ಶಕ್ತಿ ಸುಮಾರು 33 ಮೆಗಾಜೌಲ್. ಅದರಲ್ಲಿ ಮೇಲೇರಿಸಲು ತಗಲುವುದು ಒಂಬತ್ತರಲ್ಲಿ ಒಂದು ಪಾಲು ಮಾತ್ರ, ಉಳಿದದ್ದೆಲ್ಲ ವೇಗಕ್ಕೆ. ಒಂದು ಕಿಲೋಮೀಟರ್ ಗೋಪುರ ಹತ್ತಿಸಿದರೆ ಉಳಿಯುವುದು ಆ 33ರಲ್ಲಿ 0.01 ಮೆಗಾಜೌಲಿಗಿಂತ ತುಸು ಕಡಿಮೆ. ಹತ್ತು ಸಾವಿರಕ್ಕೆ ಮೂರು ಪಾಲು! ತೆಳು ಗಾಳಿಯ ಅನುಕೂಲವಾದರೂ ಸಿಕ್ಕೀತೇ ಎಂದರೆ, ಒಂದು ಕಿಲೋಮೀಟರ್ ಮೇಲೂ ಗಾಳಿ ಸಮುದ್ರಮಟ್ಟದ ಶೇಕಡಾ 90ರಷ್ಟು ದಟ್ಟವಾಗಿಯೇ ಇರುತ್ತದೆ.

ಗೋಪುರವನ್ನೇ ನೆಟ್ಟಗೆ ನಿಲ್ಲಿಸಿದ ಹಳಿಯಂತೆ ಬಳಸಿ, ವಿದ್ಯುತ್ಕಾಂತಗಳಿಂದ ರಾಕೆಟ್ಟನ್ನು ಮೇಲಕ್ಕೆ ಚಿಮ್ಮಿಸಿದರೆ? ಮನುಷ್ಯರು ತಾಳಿಕೊಳ್ಳುವಂತೆ, ಗುರುತ್ವದ ಮೂರು ಪಟ್ಟು ವೇಗೋತ್ಕರ್ಷದಲ್ಲಿ ತಳ್ಳಿದರೆ ಒಂದು ಕಿಲೋಮೀಟರಿನ ತುದಿಯಲ್ಲಿ ಸಿಗುವುದು ಸೆಕೆಂಡಿಗೆ 240 ಮೀಟರ್ ವೇಗ. ಶ್ರೀಹರಿಕೋಟಾದಿಂದ ಪೂರ್ವಕ್ಕೆ ಹಾರಿಸಿದರೆ ಭೂಮಿಯ ತಿರುಗುವಿಕೆಯೇ ಸುಮಾರು 450 ಮೀಟರನ್ನು ಬಿಟ್ಟಿಯಾಗಿ ಕೊಡುತ್ತದೆ. ಉಡಾವಣಾ ನೆಲೆಗೆ ಎತ್ತರದ ಬೆಟ್ಟ ಹುಡುಕದೆ ಭೂಮಧ್ಯರೇಖೆಗೆ ಹತ್ತಿರದ ಕರಾವಳಿ ಹುಡುಕುವುದರ ಹಿಂದೆ ಈ ಲೆಕ್ಕವೂ ಇದೆ.

ಮೇಲಿನ 33 ಮೆಗಾಜೌಲನ್ನು ಕರೆಂಟ್ ಬಿಲ್ಲಿನ ಲೆಕ್ಕಕ್ಕೆ ತಂದು ನೋಡಿ. ಒಂಬತ್ತು ಯೂನಿಟ್ಟಿಗೆ ಸ್ವಲ್ಪ ಹೆಚ್ಚು, ಅಷ್ಟೇ! ಒಂದು ಕೆಜಿಯನ್ನು ಕಕ್ಷೆಗೆ ಸೇರಿಸಲು ಬೇಕಾದ ಶಕ್ತಿ ನೂರು ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಹಾಗಿದ್ದರೆ ಉಡಾವಣೆ ಯಾಕಿಷ್ಟು ದುಬಾರಿ? ರಾಕೆಟ್ ತನ್ನ ಇಂಧನವನ್ನು ತಾನೇ ಹೊರಬೇಕು. ಆ ಇಂಧನವನ್ನು ಹೊರಲು ಮತ್ತಷ್ಟು ಇಂಧನ ಬೇಕು. ತ್ಸಿಯೊಲ್ಕೊವ್‌ಸ್ಕಿ ಸಮೀಕರಣ ಹೇಳುವುದು ಇದನ್ನೇ. 320 ಟನ್ನಿನ ಪಿಎಸ್‌ಎಲ್‌ವಿ 600 ಕಿಲೋಮೀಟರಿನ ಧ್ರುವೀಯ ಕಕ್ಷೆಗೆ ಮುಟ್ಟಿಸುವುದು ಒಂದೂಮುಕ್ಕಾಲು ಟನ್ ಮಾತ್ರ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹಾಗೆ. ಆದ್ದರಿಂದ ಸೌರಶಕ್ತಿ ರಾಕೆಟ್ಟಿಗೆ ನೆರವಾಗಬೇಕಾದರೆ ಈ ಹೊರೆಯ ಸಮಸ್ಯೆಯನ್ನು ತುಸುವಾದರೂ ಇಳಿಸಬೇಕು, ಇಲ್ಲವೇ ಆ ಇಂಧನವನ್ನು ತಯಾರಿಸಿಕೊಡಬೇಕು.

ಹೊರೆ ಇಳಿಸುವ ಒಂದು ಉಪಾಯವನ್ನು ಅಮೆರಿಕದ ಆರ್ಥರ್ ಕ್ಯಾಂಟ್ರೊವಿಟ್ಜ್ 1972ರಲ್ಲಿ ಮುಂದಿಟ್ಟರು. ಶಕ್ತಿಯ ಮೂಲ ನೆಲದಲ್ಲೇ ಇರಲಿ, ಲೇಸರ್ ಕಿರಣದಿಂದ ನೌಕೆಯನ್ನು ತಳ್ಳೋಣ ಎಂದು. 2000ದ ಅಕ್ಟೋಬರಿನಲ್ಲಿ ಲೀಕ್ ಮೈರಾಬೊ ಅವರ ತಂಡ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿ 10 ಕಿಲೋವಾಟಿನ ಲೇಸರ್ ಬಡಿತಗಳಿಂದ ಅಂಗೈಯಗಲದ, 50 ಗ್ರಾಂ ಆಸುಪಾಸಿನ ಬಿಲ್ಲೆಯೊಂದನ್ನು 71 ಮೀಟರ್ ಮೇಲಕ್ಕೆ ಹಾರಿಸಿತು. ಹಾರಾಟ ಹದಿಮೂರು ಸೆಕೆಂಡೂ ಇರಲಿಲ್ಲ. ಕಕ್ಷೆಗೆ ಹೋಗಲು ಒಂದು ಕೆಜಿಗೆ ಸುಮಾರು ಒಂದು ಮೆಗಾವಾಟ್ ಕಿರಣ ಬೇಕೆಂಬುದು ಈ ಕ್ಷೇತ್ರದವರ ಅಂದಾಜು. ವಿಚಾರ ಸುಂದರವಾಗಿದೆ, ನನಗಂತೂ ಬಹಳ ಇಷ್ಟ. ಆದರೆ ನೂರಾರು ಕೆಜಿಯ ಉಪಗ್ರಹವನ್ನು ಕಕ್ಷೆಗೆ ತಳ್ಳುವಷ್ಟು ದೊಡ್ಡ ಲೇಸರನ್ನು ಇನ್ನೂ ಯಾರೂ ಕಟ್ಟಿಲ್ಲ.

ಇಂಧನ ತಯಾರಿಕೆಯ ಮಾತು ಹಾಗಲ್ಲ, ಅದು ಇಂದೇ ಕೈಗೆಟಕುವಂಥದ್ದು. ಚಂದ್ರಯಾನ-3ನ್ನು ಒಯ್ದ ಎಲ್‌ವಿಎಂ-3 ರಾಕೆಟ್ಟಿನ ಮೇಲಿನ ಹಂತ ಕ್ರಯೋಜೆನಿಕ್, ಅಂದರೆ ಅತಿಯಾಗಿ ತಣಿಸಿ ದ್ರವ ಮಾಡಿದ ಅನಿಲಗಳಿಂದ ಉರಿಯುವಂಥದ್ದು. ಅದರಲ್ಲಿ ತುಂಬುವ ಸುಮಾರು 28 ಟನ್ನಿನಲ್ಲಿ ಆರನೇ ಒಂದು ಭಾಗದಷ್ಟು ದ್ರವ ಜಲಜನಕ, ಉಳಿದದ್ದು ದ್ರವ ಆಮ್ಲಜನಕ. ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕೆಜಿ ಜಲಜನಕ ಪಡೆಯಲು 50ರಿಂದ 55 ಯೂನಿಟ್ ಬೇಕು. ಅದನ್ನು ಮೈನಸ್ 253 ಡಿಗ್ರಿಗೆ ತಣಿಸಿ ದ್ರವ ಮಾಡಲು ಇನ್ನೊಂದು ಹತ್ತು ಯೂನಿಟ್ಟಿಗೂ ಹೆಚ್ಚು. ಆ ಹಂತದ ಜಲಜನಕಕ್ಕೆಲ್ಲ ಸೇರಿ ಮೂರು ಲಕ್ಷ ಯೂನಿಟ್ ಆಯಿತು. ಶ್ಲೈಖ್ ಲೆಕ್ಕಹಾಕಿದ ಒಂದು ಕಿಲೋಮೀಟರಿನ, 200 ಮೆಗಾವಾಟಿನ ಗೋಪುರ ಇದ್ದಿದ್ದರೆ ಒಂದೂವರೆ ಗಂಟೆಯ ಕೆಲಸ! ನೀರು ಒಡೆಯುವಾಗ ಆಮ್ಲಜನಕವೂ ಜೊತೆಯಲ್ಲೇ ಸಿಗುತ್ತದೆ, ಒಂದು ಕೆಜಿ ಜಲಜನಕಕ್ಕೆ ಎಂಟು ಕೆಜಿ, ರಾಕೆಟ್ಟಿಗೆ ಬೇಕಾದ್ದಕ್ಕಿಂತ ಹೆಚ್ಚೇ. ಈ ಲೆಕ್ಕ ಆ ಒಂದು ಹಂತಕ್ಕೆ ಮಾತ್ರ ಅನ್ವಯ ಎಂಬುದು ನೆನಪಿರಲಿ. ಅದೇ ರಾಕೆಟ್ಟಿನ ಕೆಳಗಿನ ಹಂತಗಳು ಘನ ಇಂಧನ ಮತ್ತು ಬೇರೆ ಬಗೆಯ ದ್ರವ ಇಂಧನದಿಂದ ಉರಿಯುತ್ತವೆ.

ಹಾಗಾದರೆ ಅದಕ್ಕೆಂದು ಗೋಪುರ ಕಟ್ಟಬೇಕೇ? 200 ಮೆಗಾವಾಟಿನ ಗೋಪುರಕ್ಕೆ ಶ್ಲೈಖ್ ಸೂಚಿಸಿದ ಚಾವಣಿಯ ಅಗಲ ಏಳು ಕಿಲೋಮೀಟರ್, ಅಂದರೆ ಸುಮಾರು 9,500 ಎಕರೆ. ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯ ಹೊಂದಿದೆ. ಮೇಲಿನ ಮೂರು ಲಕ್ಷ ಯೂನಿಟ್ ಅಲ್ಲಿನ ಪೂರ್ಣ ಬಿಸಿಲಿನ ಹತ್ತು ನಿಮಿಷದ ಉತ್ಪಾದನೆ. ಗೋಪುರದ ಪರವಾಗಿ ಒಂದು ಮಾತು ಹೇಳಲೇಬೇಕು: ಕಾದ ನೆಲ ಮತ್ತು ಚಾವಣಿಯಡಿ ಹಾಸುವ ನೀರಿನ ಕೊಳವೆಗಳು ಶಾಖವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದು ರಾತ್ರಿಯೂ ಓಡಬಲ್ಲದು. ದ್ರವೀಕರಣ ಘಟಕಗಳನ್ನು ಪದೇಪದೇ ನಿಲ್ಲಿಸಿ ಶುರು ಮಾಡುವುದು ಒಳ್ಳೆಯದಲ್ಲವಾದ್ದರಿಂದ ಈ ಗುಣಕ್ಕೆ ಬೆಲೆಯಿದೆ. ಆದರೆ ಆಸ್ಟ್ರೇಲಿಯಾದಲ್ಲಿ ಎನ್ವಿರೋಮಿಷನ್ ಕಂಪನಿ ಯೋಜಿಸಿದ್ದ ಒಂದು ಕಿಲೋಮೀಟರಿನ ಗೋಪುರ ಕಾಗದದಲ್ಲೇ ಉಳಿಯಿತು. ಅಷ್ಟರಲ್ಲಿ ಸೌರ ಫಲಕ, ಬ್ಯಾಟರಿ ಎರಡೂ ಅಗ್ಗವಾಗುತ್ತಾ ಬಂದವು. ಶ್ರೀಹರಿಕೋಟಾದ ಜಲಜನಕವನ್ನು ಬಿಸಿಲಿನಿಂದಲೇ ಮಾಡಬೇಕೆಂದಿದ್ದರೆ ಫಲಕಗಳು, ನೀರೊಡೆಯುವ ಘಟಕ, ದ್ರವೀಕರಣ ಘಟಕ ಈ ಮೂರಕ್ಕೆ ಹಣ ಹಾಕುವುದೇ ಸರಿ ಎಂದು ನನ್ನ ಅಭಿಪ್ರಾಯ, ಗೋಪುರಕ್ಕಾಗಿ ಕಾಯಬೇಕಿಲ್ಲ.