ಜಾತಿ ನಾಯಿ ತರೋ ಮೊದ್ಲು ನಿಮ್ಮನೆ ಮಧ್ಯಾಹ್ನ ಹೇಗಿರತ್ತೆ ನೋಡ್ಕೊಳ್ಳಿ

"ನಾಯಿ ತರ್ಬೇಕು ಅಂತಿದೀವಿ, ಯಾವ್ ಜಾತಿದು ತಂದ್ರೆ ಒಳ್ಳೇದು?" ಅಂತ ನೆಂಟರಾಗ್ಲಿ ಆಫೀಸ್ನೋರಾಗ್ಲಿ ಕೇಳಿದ್ರೆ ನಾನು ತಿರುಗಿ ಕೇಳೋದು ಒಂದೇ, ನಿಮ್ಮನೇಲಿ ಮಧ್ಯಾಹ್ನ ಎರಡು ಗಂಟೆಗೆ ಯಾರಿರ್ತಾರೆ, ಆ ಹೊತ್ತಿಗೆ ಮನೆ ಎಷ್ಟು ಕಾದಿರತ್ತೆ? ನಾಯಿ ವಿಷ್ಯ ಕೇಳಿದ್ರೆ ಮನೆ ವಿಷ್ಯ ಯಾಕೆ ಅಂತ ಮುಖ ನೋಡ್ತಾರೆ. ಆದ್ರೆ ನಾಯಿ ಜೀವನದ ಅರ್ಧ ಕಥೆ ಆ ಎರಡು ಗಂಟೆಯಲ್ಲೇ ಇದೆ.

ದಾವಣಗೆರೆಯಲ್ಲಿರೋ ನಮ್ಮ ಸೋದರತ್ತೆ ಮಗ ನೀಲಿ ಕಣ್ಣಿಗೆ ಮರುಳಾಗಿ ಒಂದು ಹಸ್ಕಿ ಮರಿ ತಂದಿದ್ದ. ಮಾರ್ಚ್ ಬಂತು ಅಂದ್ರೆ ಅದು ಬಚ್ಚಲುಮನೆ ಕಲ್ಲು ಬಿಟ್ಟು ಏಳ್ತಿರ್ಲಿಲ್ಲ. ಏಸಿ ಹಾಕ್ಸಿದ್ರು, ಕರೆಂಟ್ ಹೋದಾಗ ಮನೆಯವ್ರೆಲ್ಲ ಒದ್ದೆ ಟವಲ್ ಹಿಡ್ಕೊಂಡು ಅದರ ಸುತ್ತ ಕೂರ್ತಿದ್ರು, ಕೊನೆಗೆ ಚಿಕ್ಕಮಗಳೂರು ಕಡೆ ಎಸ್ಟೇಟ್ ಇರೋ ಗೆಳೆಯನಿಗೆ ಕೊಟ್ಬಿಟ್ಟ, ಕೊಟ್ಟ ದಿನ ಅತ್ತೆ ಊಟ ಮಾಡ್ಲಿಲ್ಲ. ಪ್ರೀತಿ ಕಡಿಮೆ ಇತ್ತು ಅಂತಲ್ಲ, ಆ ನಾಯಿಯ ಮೈ ಬೇರೆ ಊರಿಗೆ ಅಂತ ತಯಾರಾಗಿತ್ತು.

ನಾಯಿ ನಮ್ಮ ತರ ಮೈಯೆಲ್ಲ ಬೆವರಲ್ಲ, ಬೆವರೋದು ಪಾದದ ಅಡಿಯಲ್ಲಿ ಮಾತ್ರ, ಅದು ಲೆಕ್ಕಕ್ಕೇ ಇಲ್ಲ. ಅದರ ಮೈ ಶಾಖ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಹೊರಗೆ 25 ಡಿಗ್ರಿ ಇದ್ದಾಗ ಶಾಖ ತಾನಾಗೇ ಗಾಳಿಗೆ ಹೋಗತ್ತೆ, ಆದ್ರೆ ಕಲಬುರಗಿ ರಾಯಚೂರಲ್ಲಿ 40 ದಾಟಿದಾಗ ಗಾಳಿಯೇ ಮೈಗಿಂತ ಬಿಸಿ, ಆಗ ಉಳಿಯೋ ದಾರಿ ಒಂದೇ, ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡೋದು. ನಾಲಿಗೆ ಮೇಲೆ, ಮೂಗಿನ ಒಳಗೆ ಇರೋ ತೇವ ಆವಿಯಾಗ್ತಾ ರಕ್ತ ತಂಪಾಗತ್ತೆ. ಸುಮ್ಮನೆ ಮಲಗಿದ್ದಾಗ ನಿಮಿಷಕ್ಕೆ ಇಪ್ಪತ್ತು ಮೂವತ್ತು ಸಲ ಆಡೋ ಉಸಿರು ಆಗ 200 ದಾಟತ್ತೆ. ಮಂಗಳೂರಲ್ಲಿ ಬಿಸಿಲು ಅಷ್ಟಿಲ್ಲ ನಿಜ, ಆದ್ರೆ ಗಾಳೀಲೇ ನೀರು ತುಂಬಿರತ್ತಲ್ಲ, ಬಟ್ಟೆ ಒಣಗದ ಹಾಗೆ ನಾಯಿ ನಾಲಿಗೆಯೂ ಒಣಗಲ್ಲ, ಎಷ್ಟು ಏದುಸಿರು ಬಿಟ್ರೂ ತಂಪಾಗೋದು ಕಮ್ಮಿ.

ಈಗ ಹಸ್ಕಿಗೆ ಬನ್ನಿ. ಸೈಬೀರಿಯಾದಲ್ಲಿ ಗಾಡಿ ಎಳೆಯೋಕೆ ಸಾಕಿದ ನಾಯಿ ಅದು. 1925ರಲ್ಲಿ ಅಲಾಸ್ಕಾದ ನೋಮ್ ಅನ್ನೋ ಊರಿಗೆ ಗಂಟಲುಮಾರಿ (ಡಿಫ್ತೀರಿಯಾ) ಬಂದಾಗ ಇಂಥ ಸುಮಾರು 150 ನಾಯಿಗಳು ಒಂದ್ ತಂಡದಿಂದ ಇನ್ನೊಂದ್ ತಂಡಕ್ಕೆ ಕೈ ಬದಲಾಯಿಸ್ತಾ ಸಾವಿರ ಕಿಲೋಮೀಟರಿಗೂ ಜಾಸ್ತಿ ಹಿಮದ ದಾರೀಲಿ ಐದೂವರೆ ದಿನಕ್ಕೆ ಔಷಧ ಮುಟ್ಟಿಸಿದ್ವು. ಅಂಥ ಕಾಲು, ಅಂಥ ದಮ್ಮು, ಮೇಲೆ ಎರಡು ಪದರದ ತುಪ್ಪಟ. ಅದನ್ನ ಎರಡು ಬೆಡ್‌ರೂಮ್ ಮನೇಲಿ ಬೆಳಿಗ್ಗೆ ಹತ್ತು ನಿಮಿಷ ವಾಕಿಂಗ್ ಕರ್ಕೊಂಡ್ ಹೋದ್ರೆ ಸೋಫಾ ಹರಿಯದೆ ಇನ್ನೇನ್ ಮಾಡತ್ತೆ ಪಾಪ.

ಪಗ್ ಕಥೆ ಇನ್ನೂ ಬೇಜಾರು. 2003ರಲ್ಲಿ ಹಚ್ ಮೊಬೈಲ್ ಜಾಹೀರಾತಲ್ಲಿ ಹುಡುಗನ ಹಿಂದೆ ಹಿಂದೆನೇ ಹೋಗೋ ಆ ನಾಯಿ ನೋಡಿ ದೇಶವೇ ಅದರ ಹಿಂದೆ ಬಿತ್ತು. ಮುಖ ಚಪ್ಪಟೆ ಮಾಡ್ಬೇಕು ಅಂತ ತಲೆಮಾರುಗಟ್ಲೆ ಆರಿಸಿ ಆರಿಸಿ ಮರಿ ಮಾಡ್ಸಿದಾರೆ, ಮೂಳೆ ಏನೋ ಚಿಕ್ಕದಾಯ್ತು, ಒಳಗಿನ ಮಾಂಸ ಅದೇ ಲೆಕ್ಕದಲ್ಲಿ ಚಿಕ್ಕದಾಗ್ಲಿಲ್ಲ. ಮೂಗಿನ ಹೊಳ್ಳೆ ಕಿರಿದು, ಬಾಯೊಳಗಿನ ಅಂಗುಳದ ಹಿಂದಿನ ಮೆತ್ತನೆ ಭಾಗ ಗಂಟಲಿಗೆ ಅಡ್ಡ ಬರತ್ತೆ. ತಂಪು ಮಾಡ್ಕೊಳ್ಳೋ ಯಂತ್ರವೇ ಉದ್ದ ಮೂಗು, ಅದನ್ನೇ ಕಿತ್ಕೊಂಡ್ರೆ ಹೇಗೆ? ಪಗ್ ಗೊರಕೆ ಹೊಡೆದ್ರೆ ಮುದ್ದು ಅಂತ ವಿಡಿಯೋ ಮಾಡ್ತಾರಲ್ಲ, ಅದು ಎಷ್ಟೋ ಸಲ ಉಸಿರಿಗೆ ಒದ್ದಾಡೋ ಸದ್ದು. ಅನೇಕ ವಿಮಾನ ಕಂಪನಿಗಳು ಚಪ್ಪಟೆ ಮೂಗಿನ ನಾಯಿಗಳನ್ನ ಕಾರ್ಗೋದಲ್ಲಿ ತಗೊಳ್ಳದೇ ಇರೋದೂ ಇದಕ್ಕೇ.

ಲ್ಯಾಬ್ರಡಾರ್ ಮನೇಲಿರೋರಿಗೆ ಒಂದು ಮಾತು. ತಿಂದಷ್ಟೂ ಬೇಕು ಅನ್ನತ್ತೆ, ಚಪಾತಿ ಲಟ್ಟಿಸೋವಾಗ ಕಾಲ ಬುಡದಿಂದ ಕದಲಲ್ಲ ಅಂತ ಬೈತೀರಲ್ಲ, 2016ರಲ್ಲಿ ಕೇಂಬ್ರಿಡ್ಜ್ ವಿಜ್ಞಾನಿಗಳು ಕಂಡುಹಿಡಿದ ಪ್ರಕಾರ ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ನಲ್ಲಿ ಪಿಓಎಂಸಿ ಅನ್ನೋ ಜೀನ್‌ನ 14 ಡಿಎನ್‌ಎ ಅಕ್ಷರ ಕಾಣೆಯಾಗಿರತ್ತೆ. ಹೊಟ್ಟೆ ತುಂಬ್ತು ಅಂತ ಮಿದುಳಿಗೆ ಹೇಳೋ ಸುದ್ದಿಗೆ ಬೇಕಾದ ಜೀನ್ ಅದು. ಅಂಥ ನಾಯಿಗಳು ಸುಮ್ಮನೆ ಮಲಗಿದ್ದಾಗ ಸುಮಾರು ಕಾಲು ಭಾಗ ಕಡಿಮೆ ಶಕ್ತಿ ಖರ್ಚು ಮಾಡ್ತವೆ ಅಂತ 2024ರಲ್ಲಿ ಗೊತ್ತಾಯ್ತು. ಅಂದ್ರೆ ಅದಕ್ಕೆ ನಿಜವಾಗ್ಲೂ ಹಸಿವು, ಹೊಟ್ಟೆಬಾಕತನ ಅಲ್ಲ. ಅಜ್ಜಿ ತಾತ ಕೈಯಲ್ಲಿದ್ದದ್ದೆಲ್ಲ ಹಾಕೋ ಮನೆಯಾದ್ರೆ ಲ್ಯಾಬ್ ತರೋ ಮುಂಚೆ ಅವರ ಹತ್ರ ಕೂತು ಮಾತಾಡಿ.

ಡ್ಯಾಶ್‌ಹೌಂಡ್‌ಗೆ ಗಿಡ್ಡ ಕಾಲು ಬಂದಿರೋದು ಎಫ್‌ಜಿಎಫ್4 ಜೀನ್‌ನ ಒಂದು ಹೆಚ್ಚುವರಿ ನಕಲಿನಿಂದ, ಜೊತೆಗೆ ಬೆನ್ನುಮೂಳೆ ಡಿಸ್ಕ್ ತೊಂದ್ರೆ. ಜರ್ಮನ್ ಶೆಫರ್ಡ್‌ಗೆ ಸೊಂಟದ ಕೀಲು. ಲಿಫ್ಟ್ ಇಲ್ಲದ ಮೂರನೇ ಮಹಡಿ ಮನೆಗೆ ಎರಡೂ ಬೇಡ.

ಸರಿ, ಸ್ವಭಾವ? ಜನ ಜಾತಿ ಕೇಳೋದೇ ಅದಕ್ಕೆ, ಮಕ್ಕಳ ಜೊತೆ ಹೊಂದ್ಕೊಳ್ಳತ್ತಾ, ಕಚ್ಚತ್ತಾ ಅಂತ. ಇಲ್ಲೇ ನಮ್ಮ ನಂಬಿಕೆ ಎಡವೋದು. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 18 ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮಾಲೀಕರನ್ನ ಕೇಳಿ, 2 ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿ ನೋಡಿದ್ರೆ, ಒಂದ್ ನಾಯಿಗೂ ಇನ್ನೊಂದ್ ನಾಯಿಗೂ ನಡವಳಿಕೆಯಲ್ಲಿ ಕಾಣೋ ವ್ಯತ್ಯಾಸದಲ್ಲಿ ತಳಿಯ ಪಾಲು ಬರೀ ಶೇ. 9ರಷ್ಟು. ಹೇಳಿದ್ ಮಾತು ಕೇಳೋ ಗುಣಕ್ಕೆ ತಳಿ ಸ್ವಲ್ಪ ಹೆಚ್ಚು ಸೇರತ್ತೆ, ಆದ್ರೆ ಎಷ್ಟು ಬೇಗ ಸಿಟ್ಟಾಗತ್ತೆ, ಹೆದರತ್ತೆ ಅನ್ನೋದನ್ನ ತಳಿ ನೋಡಿ ಹೇಳೋಕೆ ಹೆಚ್ಚುಕಮ್ಮಿ ಆಗಲ್ಲ. ಯೋಚ್ನೆ ಮಾಡಿದ್ರೆ ಇದ್ರಲ್ಲಿ ಆಶ್ಚರ್ಯ ಇಲ್ಲ, ನಾಯಿ ತಳಿಗಳ ದಾಖಲೆ ಇಡೋ ಲಂಡನ್ನಿನ ಕೆನೆಲ್ ಕ್ಲಬ್ ಶುರುವಾಗಿದ್ದೇ 1873ರಲ್ಲಿ, ಅಲ್ಲಿಂದೀಚೆಗೆ ಪ್ರದರ್ಶನದಲ್ಲಿ ಗೆಲ್ಸಿದ್ದು ಕಿವಿ, ಬಣ್ಣ, ಮೂತಿ, ಸ್ವಭಾವ ಅಲ್ಲ. ಹಾಗಾಗಿ ತಳಿ ನೋಡ್ಕೊಂಡು ಮೈ ಬಗ್ಗೆ ತೀರ್ಮಾನ ಮಾಡಿ, ಸ್ವಭಾವಕ್ಕೆ ಮಾತ್ರ ಆ ಒಂದು ನಾಯಿನ ಹೋಗಿ ನೋಡ್ಲೇಬೇಕು.

ನಮ್ಮಲ್ಲೇ ಮುಧೋಳ ನಾಯಿ ಇದೆಯಲ್ಲ, ಬಾಗಲಕೋಟೆ ಬಿಸಿಲಲ್ಲೇ ಬೆಳೆದಿದ್ದು, ತೆಳ್ಳಗಿನ ಮೈ, ಮೋಟು ಕೂದಲು, ಉದ್ದ ಮೂತಿ, ಮೇಲೆ ಹೇಳಿದ ಶಾಖದ ಲೆಕ್ಕಕ್ಕೆಲ್ಲ ಸರಿಯಾಗಿ ಕೂರತ್ತೆ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂತು, 2016ರಲ್ಲಿ ಸೇನೆಯವ್ರು ಮೀರತ್‌ಗೆ ಕರ್ಕೊಂಡ್ ಹೋಗಿ ತರಬೇತಿ ಶುರು ಮಾಡಿದ್ರು. ನನಗೆ ಅದರ ಮೇಲೆ ಅಭಿಮಾನ ಜಾಸ್ತಿ, ಆದ್ರೂ ಎಲ್ಲರಿಗೂ ತಗೊಳ್ಳಿ ಅನ್ನಲ್ಲ. ಕಣ್ಣಿಗೆ ಬಿದ್ದಿದ್ದನ್ನ ಅಟ್ಟಿಸ್ಕೊಂಡ್ ಹೋಗೋ ಬೇಟೆ ನಾಯಿ, ಓಡೋಕೆ ಬೇಲಿ ಇರೋ ಬಯಲು ಬೇಕು, ಸರಪಳಿ ಹಾಕಿ ಗೇಟಿಗೆ ಕಟ್ಟೋರಿಗೆ ಅಲ್ಲವೇ ಅಲ್ಲ.

ಹೆಚ್ಚಿನ ಮನೆಗಳಿಗೆ ನಾನು ಹೇಳೋದು ನಮ್ಮ ಕಂತ್ರಿ ನಾಯಿ, ಅದೂ ಒಂದೂವರೆ ಎರಡು ವರ್ಷ ತುಂಬಿರೋದು. ಎಷ್ಟು ಎತ್ತರ ಆಗತ್ತೆ, ಪಟಾಕಿಗೆ ಹೆದರತ್ತಾ, ಮಕ್ಕಳು ಬಂದ್ರೆ ಎದ್ದು ಹೋಗತ್ತಾ ಅನ್ನೋದೆಲ್ಲ ಆಗ್ಲೇ ಕಣ್ಣೆದುರಿಗಿರತ್ತೆ. ನಾಲ್ಕು ಭಾನುವಾರ ಶೆಲ್ಟರ್‌ಗೆ ಹೋಗಿ ಜೊತೇಲಿ ಕೂತ್ರೆ ಸಾಕು, ಮೊದಲ ದಿನ ಮೂಲೇಲಿ ಮುದುಡ್ಕೊಂಡಿದ್ದು ಮೂರನೇ ವಾರಕ್ಕೆ ಬೇರೆನೇ ನಾಯಿ ಆಗಿರತ್ತೆ.

ಜಾತಿ ನಾಯಿ ಮರಿನೇ ಬೇಕು ಅಂದ್ರೆ, 8 ವಾರ ತುಂಬದ ಮರಿ ಮಾರೋ ಹಾಗಿಲ್ಲ ಅಂತ 2017ರ ಕೇಂದ್ರದ ನಿಯಮವೇ ಇದೆ, ಬ್ರೀಡರ್ ನೋಂದಣಿ ಪತ್ರ ತೋರಿಸ್ಬೇಕು. ತಾಯಿ ನಾಯಿನ ನೋಡಿ, ಹತ್ತು ನಿಮಿಷ ನಡೆಸಿ ಅಂತ ಕೇಳಿ, ಆಮೇಲೆ ಅದರ ಉಸಿರಿಗೆ ಕಿವಿ ಕೊಡಿ. ತಾಯಿ ಇಲ್ಲಿಲ್ಲ ಊರಲ್ಲಿದೆ ಅಂದ್ರೆ, ಮರಿ ಎಷ್ಟೇ ಮುದ್ದಾಗಿದ್ರೂ ಎದ್ದು ಬನ್ನಿ.