ಪದ ಪರಿಚಯ: ಸಾಮಾನ್ಯ ನಿವಾಸಿ

ಚುನಾವಣೆ ಮುಗಿದ ಮರುದಿನ ಮುಂಬೈಗೆ ಬೈಗುಳ ತಪ್ಪಿದ್ದಲ್ಲ. 2024ರ ಮೇ 20ರಂದು ದಕ್ಷಿಣ ಮುಂಬೈ ಲೋಕಸಭಾ ಕ್ಷೇತ್ರದಲ್ಲಿ ಮತದಾನ ಶೇ. 50ರ ಆಸುಪಾಸಿಗೇ ನಿಂತಿತು. ಅದೇ ನವೆಂಬರಿನ ವಿಧಾನಸಭಾ ಚುನಾವಣೆಯಲ್ಲಿ ಕೊಲಾಬಾ ಶೇ. 45ನ್ನೂ ಮುಟ್ಟಲಿಲ್ಲ. ಸಿಟ್ಟೆಲ್ಲ ಬಂದು ಬೀಳುವುದು ಹುಡುಗರ ತಲೆಯ ಮೇಲೆ: ಮೊಬೈಲಿನಲ್ಲಿ ದಿನವಿಡೀ ರಾಜಕೀಯ, ಮತಗಟ್ಟೆಗೆ ಬರಲು ಮಾತ್ರ ಸೋಮಾರಿತನ. ಪೂರ್ತಿ ಸುಳ್ಳು ಮಾತೇನಲ್ಲ. ಆದರೆ ಡೊಂಬಿವಲಿಯಲ್ಲೋ ಸಾಕಿನಾಕಾದಲ್ಲೋ ನಾಲ್ಕು ಜನ ಸೇರಿ ಬಾಡಿಗೆಗಿರುವ ಕುಂದಾಪುರ, ಕಾರ್ಕಳದ ಹುಡುಗರನ್ನು ಕೇಳಿ ನೋಡಿ. "ನಮ್ಮ ವೋಟು ಊರಲ್ಲಿ ಉಂಟು ಮಾರಾಯ್ರೆ" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು ಎಂಬ ಧಾಟಿಯಲ್ಲಿ.

ವೋಟು ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸುವುದು ಹುಟ್ಟಿದ ಊರಲ್ಲ, ಮನೆತನದ ಜಾಗವೂ ಅಲ್ಲ. 1950ರ ಜನಪ್ರತಿನಿಧಿ ಕಾಯ್ದೆಯ 19ನೇ ಕಲಂ ಕೇಳುವುದು ಎರಡೇ: ಅರ್ಹತಾ ದಿನಾಂಕಕ್ಕೆ (ವಯಸ್ಸು ಲೆಕ್ಕ ಹಾಕುವ ದಿನ) 18 ವರ್ಷ ತುಂಬಿರಬೇಕು, ಆ ಕ್ಷೇತ್ರದ 'ಸಾಮಾನ್ಯ ನಿವಾಸಿ'ಯಾಗಿರಬೇಕು. ಹಾಗೆಂದರೆ ಯಾರು ಎಂದು 20ನೇ ಕಲಂ ಬಿಡಿಸಿ ಹೇಳಲು ಹೊರಡುತ್ತದೆ. ಹೇಳುವುದು ಹೆಚ್ಚಾಗಿ ಯಾರು ಅಲ್ಲ ಎಂಬುದನ್ನೇ. ಒಂದೂರಿನಲ್ಲಿ ಮನೆ ಇದೆ ಎಂದ ಮಾತ್ರಕ್ಕೆ ನೀವು ಅಲ್ಲಿನ ಸಾಮಾನ್ಯ ನಿವಾಸಿ ಆಗುವುದಿಲ್ಲ. ತಾತ್ಕಾಲಿಕವಾಗಿ ಊರು ಬಿಟ್ಟಿರಿ ಎಂದ ಮಾತ್ರಕ್ಕೆ ಆ ಹಕ್ಕು ತಪ್ಪುವುದೂ ಇಲ್ಲ. ಇಷ್ಟು ತಿಂಗಳು ಇದ್ದಿರಬೇಕೆಂಬ ಲೆಕ್ಕ ಈ ಕಲಮಿನಲ್ಲಿಲ್ಲ. ಜೈಲಿನಲ್ಲಿದ್ದವರಿಗೆ ಜೈಲು ವಾಸಸ್ಥಳವಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಹೋಟೆಲಿನ ಅಟ್ಟದ ಮೇಲೆ ಮಲಗುವ ಹುಡುಗನ ಬಗ್ಗೆ ಒಂದು ಸಾಲೂ ಇಲ್ಲ.

ದೊಡ್ಡವರಿಗೂ ಈ ಪದ ಕಾಟ ಕೊಟ್ಟಿದೆ. ಮನಮೋಹನ ಸಿಂಗ್ 1991ರಲ್ಲಿ ಅಸ್ಸಾಮಿನಿಂದ ರಾಜ್ಯಸಭೆಗೆ ಹೋದಾಗ ಗುವಾಹಟಿಯ ಬಾಡಿಗೆ ಮನೆಯೊಂದರ ವಿಳಾಸದಲ್ಲಿ ಮತದಾರರಾಗಿದ್ದರು. ಅವರು ನಿಜಕ್ಕೂ ಅಲ್ಲಿನ ನಿವಾಸಿಯೇ ಎಂಬ ತಕರಾರು ಕೋರ್ಟು ಹತ್ತಿತು. ಕೊನೆಗೆ 2003ರಲ್ಲಿ ಸಂಸತ್ತು 1951ರ ಜನಪ್ರತಿನಿಧಿ ಕಾಯ್ದೆಯನ್ನೇ ತಿದ್ದಿ, ರಾಜ್ಯಸಭೆಗೆ ನಿಲ್ಲುವವರು ದೇಶದ ಯಾವ ಕ್ಷೇತ್ರದ ಮತದಾರರಾದರೂ ಸಾಕು ಎಂದಿತು. ಸಂಸದರ ಕಷ್ಟ ಬಗೆಹರಿಯಿತು. ಮತ ಹಾಕುವವನಿಗೆ ಅಂಥ ವಿನಾಯಿತಿ ಇಲ್ಲ. ಒಬ್ಬನಿಗೆ ಒಂದೇ ಕ್ಷೇತ್ರ, ಹೆಸರು ಎಲ್ಲಿದೆಯೋ ಅಲ್ಲೇ ಹೋಗಿ ನಿಲ್ಲಬೇಕು.

ಈಗ ಶೇಕಡಾವಾರು ಲೆಕ್ಕಕ್ಕೆ ಬನ್ನಿ. ಮತದಾನದ ಪ್ರಮಾಣ ಎಂದರೆ ಬಿದ್ದ ಮತಗಳನ್ನು ಪಟ್ಟಿಯಲ್ಲಿರುವ ಹೆಸರುಗಳಿಂದ ಭಾಗಿಸಿದ್ದು, ಊರಿನಲ್ಲಿರುವ ಜನರಿಂದ ಅಲ್ಲ. ಕಾರ್ಕಳದ ಪಟ್ಟಿಯಲ್ಲಿ ಹೆಸರಿದ್ದು ಸಾಕಿನಾಕಾದಲ್ಲಿ ದುಡಿಯುವ ಹುಡುಗ ಊರಿನ ಮತದಾನದ ದಿನವಾದ ಏಪ್ರಿಲ್ 26ರ ಶುಕ್ರವಾರ ರಜೆ ಸಿಗದೆ ಉಳಿದರೆ, ಅವನ ಗೈರುಹಾಜರಿ ಬೀಳುವುದು ಉಡುಪಿ-ಚಿಕ್ಕಮಗಳೂರು ಕ್ಷೇತ್ರದ ಖಾತೆಗೆ. 2024ರಲ್ಲಿ ಅಲ್ಲಿ ಸುಮಾರು ಶೇ. 77 ಮತದಾನವಾಯಿತು, ಉಳಿದವರಲ್ಲಿ ಮುಂಬೈ, ಪುಣೆ, ಬೆಂಗಳೂರು, ಗಲ್ಫಿನಲ್ಲಿ ಇದ್ದವರೆಷ್ಟೋ. ಮುಂಬೈ ಮತ ಹಾಕಿದ ಸೋಮವಾರ ಅದೇ ಹುಡುಗ ಇಲ್ಲೇ ಇದ್ದ, ಆದರೆ ಮುಂಬೈಯ ಲೆಕ್ಕದಲ್ಲಿ ಅವನು ಬಂದವನೂ ಅಲ್ಲ, ಬಾರದವನೂ ಅಲ್ಲ. ಇತ್ತ ಮುಂಬೈಯ ಪಟ್ಟಿಯಲ್ಲಿ ಮನೆ ಬದಲಿಸಿ ವಸೈ, ವಿರಾರ್ ಸೇರಿದವರ ಹಳೆಯ ಹೆಸರುಗಳು ಕೂತಿರುತ್ತವೆ. ಹೀಗೆ ಎರಡೂ ಕಡೆ ಅಂಕಿ ಕೆಡುತ್ತದೆ.

ಇನ್ನು ಯಾವ ಪಟ್ಟಿಯಲ್ಲೂ ಇಲ್ಲದವರ ಗುಂಪು ಬೇರೆ. 2024ರಲ್ಲಿ ದೇಶದ ಸುಮಾರು 97 ಕೋಟಿ ಮತದಾರರಲ್ಲಿ 18-19ರ ವಯಸ್ಸಿನವರು 1.8 ಕೋಟಿ. ವರ್ಷಕ್ಕೆ ಎರಡು ಕೋಟಿಗೂ ಮಿಕ್ಕಿ ಹುಟ್ಟುವ ದೇಶದಲ್ಲಿ ಈ ಎರಡು ವರ್ಷದವರೇ ನಾಲ್ಕು ಕೋಟಿ ದಾಟಬೇಕಿತ್ತು. ಪಟ್ಟಿಗೇ ಬಾರದವರು ಮತ ಹಾಕದವರ ಲೆಕ್ಕದಲ್ಲೂ ಸಿಗುವುದಿಲ್ಲ. ಎಷ್ಟು ಜನ ಮತ ಹಾಕಿದರೆಂಬ ಚುನಾವಣಾ ಆಯೋಗದ ಅಂಕಿಅಂಶ ಗಂಡು, ಹೆಣ್ಣು, ತೃತೀಯ ಲಿಂಗಿ ಎಂದು ವಿಂಗಡವಾಗಿ ಬರುತ್ತದೆಯೇ ಹೊರತು ವಯಸ್ಸಿನ ಪ್ರಕಾರವಲ್ಲ. ಯುವಜನರ ಮತದಾನ ಇಷ್ಟು ಎಂದು ಟಿವಿಯಲ್ಲಿ ತೋರಿಸುವುದು ಹೆಚ್ಚಾಗಿ ಮಾದರಿ ಸಮೀಕ್ಷೆಗಳ ಅಂದಾಜು.

ಹಾಗಾದರೆ ಹೆಸರನ್ನು ಇಲ್ಲಿಗೆ ತರುವುದಕ್ಕೇನು ಅಡ್ಡಿ? ಕಾನೂನಿನಲ್ಲಿ ಅಡ್ಡಿಯಿಲ್ಲ. ಫಾರ್ಮ್ 8 ತುಂಬಿದರೆ ಹಳೆಯ ಕಡೆಯ ಹೆಸರು ತೆಗೆದು ಹೊಸ ವಿಳಾಸಕ್ಕೆ ಬರುತ್ತದೆ. ಮೊದಲ ಸಲ ಸೇರುವವರಿಗೆ ಫಾರ್ಮ್ 6. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳಿಗೆ ಆಯ್ಕೆಯೇ ಇದೆ: ಅಪ್ಪ ಅಮ್ಮನ ಊರಲ್ಲೇ ಉಳಿಯಬಹುದು, ಅಥವಾ ಕಾಲೇಜಿನ ದೃಢೀಕರಣ ಪತ್ರ ಕೊಟ್ಟು ಹಾಸ್ಟೆಲ್ ವಿಳಾಸದಲ್ಲಿ ಸೇರಬಹುದು. ಹುಬ್ಬಳ್ಳಿ, ಕಲಬುರಗಿಯಿಂದ ಪುಣೆಗೆ ಓದಲು ಬಂದವರಲ್ಲಿ ಇದು ಗೊತ್ತಿರುವವರನ್ನು ಹುಡುಕಬೇಕು.

ತೊಡಕು ಇರುವುದು ವಿಳಾಸದ ಕಾಗದದಲ್ಲಿ. ನೋಂದಣಿಯಾದ ಬಾಡಿಗೆ ಕರಾರು ವಿಳಾಸಕ್ಕೆ ಪುರಾವೆಯಾಗುತ್ತದೆ. ಮಹಾರಾಷ್ಟ್ರದಲ್ಲಿ ಲೀವ್ ಆಂಡ್ ಲೈಸೆನ್ಸ್ ಕರಾರನ್ನು ನೋಂದಾಯಿಸುವುದು ಕಡ್ಡಾಯವೂ ಹೌದು. ಆದರೆ ಕರಾರು ಇರುವುದು ಸಾಮಾನ್ಯವಾಗಿ ಒಬ್ಬನ ಹೆಸರಲ್ಲಿ, ಮಲಗುವವರು ನಾಲ್ವರು. ಪಿಜಿಯಲ್ಲಿರುವವರಿಗೆ ಸಿಗುವುದು ಬಾಡಿಗೆ ಕಟ್ಟಿದ ವಾಟ್ಸಾಪ್ ಮೆಸೇಜು. ಹನ್ನೊಂದು ತಿಂಗಳಿಗೆ ಕರಾರು ಮುಗಿದು ಹಿಂಜೇವಾಡಿಯಿಂದ ವಾಕಡ್‌ಗೆ ಹೋದರೆ ಮತ್ತೆ ಫಾರ್ಮ್ 8. ಕಾಗದ ಇಲ್ಲದಿದ್ದರೂ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಸ್ಥಳಕ್ಕೆ ಬಂದು ಪರಿಶೀಲಿಸಿ ಸೇರಿಸಲು ಅವಕಾಶವಿದೆ. ಅವರು ಬರುವ ಹೊತ್ತಿಗೆ ಹುಡುಗ ಡ್ಯೂಟಿಯಲ್ಲಿರುತ್ತಾನೆ, ಬಾಗಿಲು ತೆರೆದ ಮಾಲೀಕರು "ಇಲ್ಲಿ ಯಾರೂ ಇಲ್ಲ" ಎನ್ನುತ್ತಾರೆ. ಬಾಡಿಗೆದಾರ ಮತದಾರನಾದರೆ ಮನೆ ಮೇಲೆ ಹಕ್ಕು ಸಾಧಿಸುತ್ತಾನೆಂಬ ಭಯ ಮಾಲೀಕರಿಗೆ. ಆಧಾರವಿಲ್ಲದ ಭಯ.

ಹುಡುಗರಲ್ಲೂ ಒಂದು ಭಯವಿದೆ. ಊರಿನ ಪಟ್ಟಿಯಿಂದ ಹೆಸರು ಹೋದರೆ ಪಹಣಿಯಲ್ಲೂ ಪಾಲು ಹೋಗುತ್ತದೆ ಎಂದು ಮನೆಯ ಹಿರಿಯರು ಹೆದರಿಸಿರುತ್ತಾರೆ. ಜಮೀನಿನ ದಾಖಲೆಗೂ ಮತದಾರರ ಪಟ್ಟಿಗೂ ಸಂಬಂಧವಿಲ್ಲ. ಮಹಾರಾಷ್ಟ್ರದ ಡೊಮಿಸೈಲ್ ಸರ್ಟಿಫಿಕೇಟಿಗೆ ಬೇಕಾದ 15 ವರ್ಷದ ವಾಸವನ್ನೂ ಇದರ ಜೊತೆ ಕಲಸುವವರಿದ್ದಾರೆ. ಅದು ಬೇರೆ, ಇದು ಬೇರೆ. ನಿಜವಾಗಿ ಕಳೆದುಕೊಳ್ಳುವುದು ಊರಿನ ಪಂಚಾಯತಿ ವೋಟು, ಮತ್ತು ಅದು ಸಣ್ಣ ನಷ್ಟವೇನಲ್ಲ. ದೊಡ್ಡಪ್ಪನ ಮಗ ನಿಂತಾಗ ಹತ್ತೇ ಮತದಲ್ಲಿ ಸೋಲು ಗೆಲುವು ತೀರ್ಮಾನವಾಗಬಹುದು. ಅದಕ್ಕೆ ಬಸ್ಸು ಹಿಡಿದು ಹೋದವನಿಗೆ ಮುಂಬೈಯ ನಗರಸೇವಕ (ಪಾಲಿಕೆ ಸದಸ್ಯ) ಯಾರೆಂದು ಗೊತ್ತಿಲ್ಲದಿದ್ದರೆ ನಾನಂತೂ ಅವನನ್ನು ಸೋಮಾರಿ ಎನ್ನಲಾರೆ. ಬಸ್ಸಿನ ಖರ್ಚು ಯಾರದು ಎಂಬುದು ಇನ್ನೊಂದು ಮಾತು: ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ಅಭ್ಯರ್ಥಿ ವಾಹನ ಮಾಡಿ ಮತದಾರರನ್ನು ಪುಕ್ಕಟೆ ಕರೆತರುವುದು ಭ್ರಷ್ಟ ಆಚರಣೆ.

ಇದ್ದಲ್ಲಿಂದಲೇ ಊರಿನ ಮತ ಹಾಕುವ ದಾರಿಯೂ ಯೋಚನೆಯಲ್ಲಿತ್ತು. 2022ರ ಡಿಸೆಂಬರಿನಲ್ಲಿ ಆಯೋಗ ದೂರಮತದಾನದ ಯಂತ್ರವೊಂದನ್ನು ಪ್ರಕಟಿಸಿತು. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳವರೆಗೆ. ಪಕ್ಷಗಳು ಒಪ್ಪಲಿಲ್ಲ, ಅದು ಅಲ್ಲೇ ನಿಂತಿತು. ಅಂಚೆ ಮತ ಸೈನಿಕರಿಗೆ, ಚುನಾವಣಾ ಕೆಲಸದವರಿಗೆ, 85 ದಾಟಿದವರಿಗೆ, ಅಂಗವಿಕಲರಿಗೆ ಇದೆ. ಕೆಲಸಕ್ಕೆಂದು ವಲಸೆ ಹೋದವರಿಗೆ ಇಲ್ಲ.

"ಊರಲ್ಲೇ ಇರಲಿ ಬಿಡಿ" ಎಂದು ಸುಮ್ಮನಿರುವುದೂ ಈಗ ಸುಲಭವಲ್ಲ. 2025ರಲ್ಲಿ ಬಿಹಾರದ ವಿಶೇಷ ತೀವ್ರ ಪರಿಷ್ಕರಣೆಯ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೋದವು. ಸತ್ತವರು, ಎರಡೆರಡು ಕಡೆ ಇದ್ದವರ ಜೊತೆಗೆ ಬೇರೆಡೆ ನೆಲೆಸಿದವರು ಮತ್ತು ಸಿಗದವರು ಅದರಲ್ಲಿ ದೊಡ್ಡ ಪಾಲು. ಎರಡನೇ ಸುತ್ತಿನಲ್ಲಿ ಗೋವಾ ಕೂಡ ಸೇರಿತು. ವಾಸ್ಕೊ, ಝುವಾರಿನಗರದಲ್ಲಿ ಬಾಡಿಗೆ ಕೋಣೆಗಳಲ್ಲಿರುವ ಉತ್ತರ ಕರ್ನಾಟಕದ ಕುಟುಂಬಗಳ ಪಾಲಿಗೆ ಸಾಮಾನ್ಯ ನಿವಾಸಿ ಎಂಬುದು ಬಾಗಿಲಿಗೇ ಬಂದು ಕೇಳುವ ಪ್ರಶ್ನೆಯಾಯಿತು.

ಹೆಸರು ಬದಲಿಸುವವರು ಎರಡು ದಿನಾಂಕ ಗಮನಿಸಬೇಕು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಗೆ ಯಾರ ಹೆಸರನ್ನೂ ಸೇರಿಸುವಂತಿಲ್ಲ, ಅರ್ಜಿ ಅದಕ್ಕೂ ಸಾಕಷ್ಟು ಮೊದಲೇ ಹೋಗಿರಬೇಕು. ಮಹಾನಗರಪಾಲಿಕೆ ಚುನಾವಣೆಗೆ ವಿಧಾನಸಭೆಯ ಪಟ್ಟಿಯನ್ನೇ ವಾರ್ಡುವಾರು ಒಡೆಯುತ್ತಾರೆ. ರಾಜ್ಯ ಚುನಾವಣಾ ಆಯೋಗ ನಿಗದಿ ಮಾಡಿದ ದಿನದ ನಂತರ ಸೇರಿದವರು ವಿಧಾನಸಭೆಗೆ ಮತದಾರರಾದರೂ ಆ ಸಲದ ಪಾಲಿಕೆಗೆ ಅಲ್ಲ.